ಕರೆಂಟು ಹೋದ ಗಳಿಗೆ

ಮರ ಕಡೆಯುವ ಎಂಟು ಲೇತುಗಳ ಸದ್ದನ್ನು ಮೀರಿಸಬೇಕೆಂದು ಗಿರಿಜಾಂಬ ಪಕ್ಕದ ಸುಹಾನಾಳ ಕಿವಿಗೆ ಬಾಯಿಟ್ಟು ಕಿರುಚಿದಳು. ಅದೇ ಗಳಿಗೆಗೆ ಕರೆಂಟು ಹೋಯಿತು.

"ಆ ನೂರೀನೇ ಕಣೆ, ನಮ್ಮ ಹೊಸ ಆನೆ ಡಿಸೈನ್ನ ತಾಜ್ ಪಾಷಾಗೆ ಕೊಟ್ಟಿರಾದು!"

ಚನ್ನಪಟ್ಟಣದ ಆ ಬೊಂಬೆ ಶೆಡ್ಡಿನಲ್ಲಿ ಲೇತು ತಿರುಗುವಷ್ಟು ಹೊತ್ತು ಯಾರ ಮೇಲೆ ಯಾರು ಏನು ಹೇಳಿದರೂ ಮೂರನೆಯವರಿಗೆ ಕೇಳುವುದಿಲ್ಲ. ಚಾಡಿ ಹೇಳುವವರಿಗೆ ಅದಕ್ಕಿಂತ ಸುಖದ ಜಾಗ ಇನ್ನೊಂದಿಲ್ಲ. ಇವತ್ತು ಮಾತ್ರ ಎಂಟೂ ಲೇತು ಒಟ್ಟಿಗೆ ನಿಂತು, ಮಾತು ಶೆಡ್ಡಿನ ತುಂಬ ಕೇಳಿಸಿತು. ಎದುರು ಲೇತಿನ ನೂರೀನ್‌ಗೂ ಕೇಳಿಸಿತು, ಬಾಗಿಲಲ್ಲಿದ್ದ ಮಾಲೀಕ ರೇಣುಕಾಪ್ರಸಾದನಿಗೂ ಕೇಳಿಸಿತು. ತನ್ನ ಹೊಸ ಆನೆಯಂಥದೇ ಆನೆ ಹಿಂದಿನ ಬೀದಿಯ ತಾಜ್ ಪಾಷಾನ ಬೊಂಬೆ ಅಂಗಡಿಯಲ್ಲಿ ಕಾಣಿಸಿಕೊಂಡಾಗಿನಿಂದ ಮಾಲೀಕ ಕುದಿಯುತ್ತಿದ್ದ. ಕೊಟ್ಟವರು ಯಾರೆಂದು ಗೊತ್ತಾದರೆ ಅವತ್ತೇ ಹೊರಗೆ ಎಂದು ಹೇಳಿಯೂ ಇದ್ದ.

ನೂರೀನ್‌ಗೆ ಮೈಯೆಲ್ಲ ಉರಿಯಿತು. ಹಿಂದೆ ಕೆಲಸಕ್ಕಿದ್ದ ಕಡೆ ಇಂಥದೇ ಮಾತು ಹುಟ್ಟಿದಾಗ ಅವಳು ತಲೆ ತಗ್ಗಿಸಿಕೊಂಡು ಬಿಟ್ಟು ಬಂದಿದ್ದಳು. ಬಿಟ್ಟು ಹೋದದ್ದೇ ಸಾಕ್ಷಿ ಎಂದು ಜನ ಆಡಿಕೊಂಡಿದ್ದರು. ಈಗ ಡಿಸೈನ್ ಕದ್ದವಳು ಎನ್ನಿಸಿಕೊಂಡರೆ ಈ ಊರಲ್ಲಿ ಯಾರೂ ಅವಳನ್ನು ಲೇತಿನ ಮುಂದೆ ಕೂರಿಸುವುದಿಲ್ಲ. ಅವಳು ಉಳಿಯನ್ನು ಕೆಳಗಿಟ್ಟು, ದುಪಟ್ಟಾದ ಮೇಲಿನ ಮರದ ಹೊಟ್ಟು ಕೊಡವಿ ಎದ್ದು ನಿಂತಳು.

"ಪೂರ್ತಿ ಹೇಳಿ ಗಿರಿಜಕ್ಕ. ಈಗ ಕಿರುಚೋದೂ ಬ್ಯಾಡ."

"ನಾನೆಲ್ಲಿ ಅಂದೆ? ಜನ ಅಂತಾರೆ."

"ಯಾವ ಜನ? ಇಲ್ಲಿರಾದು ಎಂಟು ಜನ. ಸುಹಾನಾ, ನಿಂಗ್ಯಾರು ಹೇಳಿದ್ದು?"

"ಅಯ್ಯೋ, ನಂಗೆ ಗಿರಿಜಕ್ಕನೇ ಈಗ ಹೇಳ್ತಿದ್ದಿದ್ದು!" ಸುಹಾನಾ ಎರಡೂ ಕೈ ಎತ್ತಿಬಿಟ್ಟಳು. ಉಳಿದವರೆಲ್ಲ ಗಿರಿಜಾಂಬಳ ಕಡೆಗೇ ನೋಡಿದರು.

ಗಿರಿಜಾಂಬಳಿಗೆ ಸಿಟ್ಟು ಬಂತು. "ದಿನಾ ಸಂಜೆ ಅವನ ಅಂಗಡಿ ಬೀದಿಗೇ ಹೋಗ್ತೀಯಲ್ಲ, ಯಾಕ್ಹೋಗ್ತೀಯ ಮತ್ತೆ?"

"ನನ್ ಮಗಳ ಟ್ಯೂಷನ್ ಐತೆ ಅಲ್ಲಿ. ನಿಮ್ಮ ಮೊಮ್ಮಗನೂ ಅಲ್ಲಿಗೇ ಬತ್ತಾನೆ, ಕರ್ಕೊಂಡೋಗಕ್ಕೆ ನೀವೂ ಬತ್ತೀರ. ಹಂಗಾದ್ರೆ ಅರ್ಧ ಆನೆ ನೀವು ಕೊಟ್ರಾ?"

ಯಾರೋ ಕಿಸಕ್ಕನೆ ನಕ್ಕರು. ರೇಣುಕಾಪ್ರಸಾದ್ ನಗಲಿಲ್ಲ. "ನಗಾದು ಆಮೇಲೆ ಇರ್ಲಿ. ಡಿಸೈನು ಅಲ್ಲಿಗೆ ಹೋಗಿರಾದು ನಿಜ ತಾನೆ? ಹೆಂಗೋಯ್ತು?"

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ ಸಾರ್," ಎಂದಳು ನೂರೀನ್. "ಆ ಆನೆ ಮಾಡಿದ ದಿನದಿಂದ ದಿನಾ ಬೆಳಿಗ್ಗೆ ಅದರ ಫೋಟೋನ ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ತಾ ಇರೋರು ನೀವು. ಮೇಲಿಂದೊಂದು, ಪಕ್ಕದಿಂದೊಂದು, ಭಾಗ ಭಾಗ ಬಿಚ್ಚಿಟ್ಟಿದ್ದು ಇನ್ನೊಂದು. ಇವತ್ತೂ ಹಾಕಿದ್ದೀರ. ಯಾರ್ಯಾರು ನೋಡವ್ರೆ ಅಂತ ಒಸಿ ತೆಗೆದು ನೋಡಿ."

ರೇಣುಕಾಪ್ರಸಾದ್ ಅನುಮಾನದಿಂದಲೇ ಫೋನ್ ತೆಗೆದ. ಬೆರಳು ಪರದೆಯ ಮೇಲೆ ಜಾರುತ್ತ ಹೋಗಿ ಒಂದು ಕಡೆ ನಿಂತುಬಿಟ್ಟಿತು.

"ತಾಜ್ ಪಾಷಾ," ಎಂದ ಮೆಲ್ಲಗೆ. "ಬೆಳಿಗ್ಗೆ ಏಳು ಗಂಟೆಗೇ ನೋಡ್ಬುಟ್ಟವ್ನೆ."

ಶೆಡ್ಡಿನಲ್ಲಿ ಈ ಸಲ ಎಲ್ಲರೂ ನಕ್ಕರು. ಮಾಲೀಕನ ಕಿವಿ ಕೆಂಪಗಾಯಿತು. ಫೋನನ್ನು ಜೇಬಿಗೆ ತುರುಕಿ, "ಆಯ್ತು ಬುಡಮ್ಮ, ನಿಂದೇನೂ ತಪ್ಪಿಲ್ಲ. ಕೂತ್ಕೊ, ಕೆಲ್ಸ ನೋಡ್ಕೊ," ಎಂದ.

ನೂರೀನ್ ಕೂರಲಿಲ್ಲ. "ಇನ್ನೂ ಆಗಿಲ್ಲ ಸಾರ್. ಅಂದೋರು ಏನೂ ಹೇಳಿಲ್ಲ."

ಎಲ್ಲರ ಕಣ್ಣೂ ಗಿರಿಜಾಂಬಳ ಮೇಲೆ ಬಿದ್ದವು. ಅವಳು ನೆಲ ನೋಡಿದಳು, ಅರಗಿನ ಬಣ್ಣ ಮೆತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಕೊನೆಗೆ ತುಟಿಯೊಳಗೇ, "ತಪ್ಪಾಯ್ತು," ಎಂದಳು.

ನೂರೀನ್ ಎರಡು ಹೆಜ್ಜೆ ಹತ್ತಿರ ಬಂದು, ತಲೆ ಬಾಗಿಸಿ ಕಿವಿ ಕೊಟ್ಟಳು.

"ಕೇಳಿಸ್ಲಿಲ್ಲ. ಸುಳ್ಳು ಹೇಳೋವಾಗ ಇದ್ದ ಗಂಟ್ಲು ಈಗೆಲ್ಲೋಯ್ತಕ್ಕ?"