ಎರಡನೆಯ ಬನ್ನಿ

"ಅಯ್ಯ ಯಪ್ಪಾ! ಮುತ್ಯಾ, ಬಾ ಇಲ್ಲೆ, ಇವ ನೋಡು, ಮೊಣಕಾಲೂರಿ ಕುಂತಾನ!"

ಮೊಮ್ಮಗಳು ಕಾವ್ಯಾ ಕೂಗಿದ ಕೂಗಿಗೆ ಶಿವಯೋಗೆಪ್ಪನವರು ಕೈಯಲ್ಲಿದ್ದ ಬನ್ನಿ ಎಲೆಗಳನ್ನು ತಟ್ಟೆಗೆ ಹಾಕಿ ಎದ್ದು ಬಂದರು. ದಸರೆಯ ಸಂಜೆ. ಹೆಂಡತಿ ಗುರುಸಿದ್ದವ್ವ ತೀರಿಕೊಂಡ ವರ್ಷವಾದ್ದರಿಂದ ಮನೆಯಲ್ಲಿ ಹಬ್ಬವಿರಲಿಲ್ಲ. ಆದರೂ ಓಣಿಯವರು ಬಿಟ್ಟಿರಲಿಲ್ಲ. ಪಕ್ಕದ ಮನೆಯ ಅಮೀನಸಾಬ ಈಗಷ್ಟೇ ಬಂದು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಕಾಕಾ" ಎಂದು ಹಿಡಿ ತುಂಬ ಎಲೆ ಕೊಟ್ಟು, ಅವರ ಕೈ ಅದುಮಿ ಹೋಗಿದ್ದ.

ಕಾವ್ಯಾ ಕಾಲೇಜಿಗೆ ಹೋಗುವ ಹುಡುಗಿ. ರಜೆಯೆಲ್ಲ ಲ್ಯಾಪ್‌ಟಾಪಿನ ಒಂದು ಆಟಕ್ಕೇ ಮೀಸಲಾಗಿತ್ತು. ಅದರಲ್ಲಿ ಅವಳೇ ಒಂದು ದಂಡಿನ ನಾಯಕಿ. ಸಂಗಡಿಗರನ್ನು ಕಟ್ಟಿಕೊಂಡು ಕಾಡು, ಕೋಟೆ ಸುತ್ತಬೇಕು. ಅವರೊಡನೆ ಆಡುವ ಮಾತಿನಂತೆ ಅವರ ಮನಸ್ಸೂ ತಿರುಗುತ್ತದಂತೆ. ಈಗ ಅವರಲ್ಲೊಬ್ಬ ಬಿಲ್ಲುಗಾರ ಬೆಂಕಿಯ ಪಕ್ಕದಲ್ಲಿ ಮೊಣಕಾಲೂರಿ ನಾಯಕಿಯ ಮುಖವನ್ನೇ ನೋಡುತ್ತಿದ್ದ.

"ಏನಂತಾನವಾ?"

"ನಿನ್ನ ಮನಸ್ಸು ನನಗ ತಿಳದೈತಿ, ನನ್ನ ಮನಸ್ಸೂ ನಿನ್ನ ಮ್ಯಾಲೇ ಐತಿ ಅಂತಾನ! ನಾ ಏನೂ ಮಾಡಿಲ್ಲ ಮುತ್ಯಾ. ಗಾಯ ಹೆಂಗೈತಿ ಅಂತ ಕೇಳೀನಿ. ತಿನ್ನಾಕ ದ್ರಾಕ್ಷಿ ಕೊಟ್ಟೀನಿ. ಕೊಟ್ಟಿದ್ದು ಮರ್ತು ಇನ್ನೊಮ್ಮಿ ಕೊಟ್ಟೀನಿ. ಅಷ್ಟಕ್ಕ ಪ್ರೀತಿ ಅಂತ ತಿಳಕೊಂಡಾನ, ಹುಚ್ಚಪ್ಯಾಲಿ!"

"ತಿಕೋಟಾದ ದ್ರಾಕ್ಷಿ ಇರಬೇಕು, ಅದಕ್ಕ ಮನಸೋತಾನ." ಶಿವಯೋಗೆಪ್ಪನವರು ಬಹಳ ದಿನಗಳ ಮೇಲೆ ನಕ್ಕರು. "ಎರಡೆರಡ ಸಲ ಕೊಟ್ಟ ಮ್ಯಾಲೆ ಅವಂದೇನ ತಪ್ಪವ್ವಾ? ನಿಮ್ಮ ಆಯೀನೂ ಹಂಗ ಮಾಡಿದ್ಲು."

ಅದು ಅವರು ಹೇಳಿ ಹೇಳಿ ನುಣುಪಾದ ಕಥೆ. ಮಮದಾಪುರದ ಹರೆಯದ ಶಿವಯೋಗೆಪ್ಪ ದಸರೆಗೆಂದು ಘೋಣಸಗಿಯ ಅಕ್ಕನ ಮನೆಗೆ ಹೋಗಿದ್ದ. ಊರ ಹೊರಗಿನ ಬನ್ನಿ ಮರದ ಕೆಳಗೆ ಜನವೋ ಜನ. ವರ್ಷವಿಡೀ ಮಾತು ಬಿಟ್ಟವರೂ ಅಂದು ಒಬ್ಬರ ಕೈಗೊಬ್ಬರು ಬನ್ನಿ ಕೊಡುತ್ತಿದ್ದರು. ಹಸಿರು ಸೀರೆಯ ಹುಡುಗಿಯೊಬ್ಬಳು, ಗುರುಸಿದ್ದವ್ವ, ಅವನಿಗೂ ಕೊಟ್ಟಳು. ಅದರಲ್ಲೇನೂ ವಿಶೇಷವಿರಲಿಲ್ಲ. ಆದರೆ ತುಸು ಹೊತ್ತಿಗೆ ಅವಳೇ ಜನವನ್ನು ದಾಟಿಕೊಂಡು ಬಂದು ಅವನ ಅಂಗೈಯಲ್ಲಿ ಮತ್ತೆ ಬನ್ನಿ ಇಟ್ಟು ಹೋದಳು. ಹಬ್ಬದ ಎಲೆ ಒಬ್ಬರಿಗೆ ಒಮ್ಮೆ. ಎರಡನೆಯದು ಮನಸ್ಸಿನದಲ್ಲದೆ ಮತ್ತೇನು? ಅವನು ಅಂದೇ ಅಕ್ಕನ ಕಿವಿಯಲ್ಲಿ ಹೇಳಿದ. ಅಕ್ಕ ಹೋಗಿ ಹೆಣ್ಣು ಕೇಳಿದಳು. "ಮದಲ ಮನಸ್ಸ ಮಾಡಿದಾಕಿ ಆಕಿ, ನಾ ಅಲ್ಲ" ಎಂದು ಶಿವಯೋಗೆಪ್ಪನವರು ಬದುಕಿನುದ್ದಕ್ಕೂ ಮೀಸೆ ತಿರುವಿದ್ದರು.

ಇಂದೂ ಕೈ ಮೀಸೆಗೆ ಹೋಯಿತು. ಕಾವ್ಯಾ ಕಿಸಕ್ಕನೆ ನಕ್ಕಳು.

"ಅದೂ ಮರ್ತು ಕೊಟ್ಟಿದ್ದ ಮುತ್ಯಾ! ಆಯೀನ ಹೇಳ್ಯಾಳ..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಏನ ಹೇಳ್ಯಾಳ?"

ಇನ್ನು ಮುಚ್ಚಿಡುವಂತಿರಲಿಲ್ಲ. "ಗದ್ದಲದಾಗ ಯಾರಿಗಿ ಕೊಟ್ಟೀನಿ, ಯಾರಿಗಿ ಇಲ್ಲ, ಖಬರ ಇದ್ದಿದ್ದಿಲ್ಲ, ನಿಮ್ಮ ಮುತ್ಯಾ ನೋಡಿದ್ರ ಹೆಣ್ಣ ಕೇಳಾಕ ಅಕ್ಕನ್ನ ಕಳಿಸ್ಯಾರ ಅಂತ ನಗ್ತಿದ್ಲು. ಅವರ ಮುಂದ ಹೇಳಬ್ಯಾಡ ಬೇ, ಪಾಪ, ಅಂದಿದ್ಲು."

ಶಿವಯೋಗೆಪ್ಪನವರ ಕೈ ಮೀಸೆಯಿಂದ ಇಳಿಯಿತು. ದೇವರ ಮಾಡದ ಪಕ್ಕದ ಫೋಟೋದಲ್ಲಿ ಗುರುಸಿದ್ದವ್ವ ಎಂದಿನಂತೆಯೇ ಇದ್ದಳು. ಹಾಗಾದರೆ ಆಕೆ ತನ್ನನ್ನು ಬಯಸಿ ಬಂದವಳಲ್ಲವೇ? ಒಂದು ಎಲೆಯನ್ನು ತಪ್ಪು ತಿಳಿದು ತಾನು ಇಡೀ ಸಂಸಾರ ಕಟ್ಟಿಕೊಂಡೆನೇ? ಶಿವನೇ, ಕೇಳೋಣವೆಂದರೆ ಆಕೆ ನಿನ್ನ ಪಾದ ಸೇರಿಬಿಟ್ಟಳಲ್ಲ!

"ಸಿಟ್ಟ ಬಂತೇನ ಮುತ್ಯಾ?"

"ಇಲ್ಲವ್ವಾ. ಮತ್ತ..." ಅವರು ಮೊಮ್ಮಗಳ ಕಡೆಗೆ ತಿರುಗಿದರು. "ಲಗ್ನ ಆದಮ್ಯಾಲೂ ಪ್ರತಿ ದಸರಿಗೆ ನನಗ ಎರಡ ಸಲ ಕೊಡ್ತಿದ್ಲು. ಒಮ್ಮಿ ದೇವರ ಮುಂದ. ಮಂದಿಗೆಲ್ಲಾ ಕೊಟ್ಟ ಮ್ಯಾಲೆ ಹೊಸ್ತಿಲದಾಗ ನಿಂತು ಇನ್ನೊಮ್ಮಿ. ಆಗಲೇ ಕೊಟ್ಟೆಲ್ಲ ಅಂದ್ರ, ಹೌದೇನ್ರಿ, ಮರ್ತಿದ್ದೆ ನೋಡ್ರಿ, ಅಂತಿದ್ಲು. ಅದರದ ಏನರೆ ಹೇಳ್ಯಾಳೇನು?"

ಕಾವ್ಯಾ ನೆನಪು ಮಾಡಿಕೊಂಡಳು. "ಇಲ್ಲ ಮುತ್ಯಾ. ಅದನ್ನ ಹೇಳೇ ಇಲ್ಲ."

ತೆರೆಯ ಮೇಲೆ ಬಿಲ್ಲುಗಾರ ಇನ್ನೂ ಉತ್ತರಕ್ಕಾಗಿ ಕಾಯುತ್ತಿದ್ದ.

"ಇವಗೇನ ಹೇಳ್ಲಿ? ನೀ ಗೆಳೆಯ ಅಷ್ಟ ಅಂದ್ರ ದಂಡು ಬಿಟ್ಟು ಹೋಗ್ತಾನೇನೋ."

"ನಿನ್ನ ಮನಸ್ಸಿನಾಗ ಇಲ್ಲಂದ್ರ ಇಲ್ಲ ಅನ್ನವ್ವಾ. ಹೋದ್ರ ಹೋಗ್ಲಿ. ಆದರ ನಗಬ್ಯಾಡ."

ಕಾವ್ಯಾ ಗುಂಡಿ ಒತ್ತಿದಳು. ಬಿಲ್ಲುಗಾರ ತಲೆ ತಗ್ಗಿಸಿ ಎದ್ದ. ಹೋಗಲಿಲ್ಲ, ಬೆಂಕಿಯ ಆಚೆ ಬದಿಗೆ ಸರಿದು, ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

ಶಿವಯೋಗೆಪ್ಪನವರು ತಟ್ಟೆಯಿಂದ ಒಂದು ಬನ್ನಿ ಎಲೆ ತೆಗೆದು ಫೋಟೋದ ಮುಂದಿಟ್ಟರು. ತುಟಿಯಲ್ಲೇ ಏನೋ ಅಂದು ಕೈಮುಗಿದರು. ಬಂದು ಕುರ್ಚಿಯಲ್ಲಿ ಕುಳಿತರು. ಹೊರಗೆ ಓಣಿಯಲ್ಲಿ ಯಾರೋ ಯಾರಿಗೋ ಬಂಗಾರದಂಗ ಇರೂಣು ಎನ್ನುತ್ತಿದ್ದರು. ಅವರು ಮತ್ತೆ ಎದ್ದರು. ತಟ್ಟೆಯಿಂದ ಇನ್ನೊಂದು ಎಲೆ ಆರಿಸಿಕೊಂಡು ಫೋಟೋದ ಕಡೆಗೆ ನಡೆದರು.

"ಮುತ್ಯಾ, ಆಗಲೇ ಇಟ್ಟೆಲ್ಲ?"

"ಹೌದೇನವ್ವಾ?" ಎಂದರು ಅವರು, ಹಿಂದಿರುಗಿ ನೋಡದೆ. "ಮರ್ತಿದ್ದೆ ನೋಡು."