ಐದಕ್ಕೊಂದು ಉಸಿರು

“ಒಂದು, ಎರಡು, ಮೂರು, ನಾಲ್ಕು, ಐದು.” ಐದಕ್ಕೆ ಕಿರಿಯ ವೈದ್ಯೆ ರಬ್ಬರ್ ಚೀಲವನ್ನು ಒತ್ತಿದಳು. ಮಂಚದ ಮೇಲಿದ್ದವನ ಎದೆ ಏರಿ ಇಳಿಯಿತು. ಮತ್ತೆ ಒಂದು. ಎಣಿಕೆಯನ್ನು ಬಾಯಿಬಿಟ್ಟೇ ಹೇಳಬೇಕೆಂಬುದು ಕಾಡಿನ ಆ ಡೇರೆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರ ಕಟ್ಟಪ್ಪಣೆ. ದಣಿದ ಕೈ ಕಳ್ಳಾಟ ಆಡುತ್ತದೆ, ಬಾಯಿ ಆಡುವುದಿಲ್ಲ ಎನ್ನುವುದು ಅವರ ಮೂವತ್ತು ವರ್ಷಗಳ ಅನುಭವ.

ಮಂಚದಲ್ಲಿದ್ದವನು ಅವರಿಗೆ ಕಾಡಿನಲ್ಲಿ ದಾರಿ ತೋರಿಸುತ್ತಿದ್ದವನು. ಪೊದೆ ಅಲುಗಿದರೆ ಯಾವ ಪ್ರಾಣಿ, ಹೆಜ್ಜೆ ಸದ್ದಾದರೆ ಯಾರದು ಎಂದು ತಿರುಗಿ ನೋಡದೆ ಹೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಕಿವಿಯಣ್ಣ. ಅಂಥವನಿಗೂ ಹಾಸಿಗೆಯೊಳಗೆ ಸೇರಿಕೊಂಡ ಹಾವಿನ ಸದ್ದು ಮಾತ್ರ ಕೇಳಿಸಿರಲಿಲ್ಲ. ಮದ್ದು ಕೊಟ್ಟಾಗಿತ್ತು. ಉಸಿರಾಟದ ಯಂತ್ರವಿದ್ದ ಪಟ್ಟಣಕ್ಕೆ ಹೋಗೋಣವೆಂದರೆ ಸೇತುವೆ ನೆರೆಗೆ ಕೊಚ್ಚಿಹೋಗಿತ್ತು. ವಿಷ ಇಳಿಯುವ ತನಕ ಚೀಲ ಒತ್ತುವುದೊಂದೇ ದಾರಿ. ನಿನ್ನೆ ಬೆಳಗಿನಿಂದ ಇಬ್ಬರೂ ಸರದಿಯ ಮೇಲೆ ಒತ್ತುತ್ತಿದ್ದರು.

ದೊಡ್ಡ ಡಾಕ್ಟರು ಬಂದು ಅವನ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ಪಾಪೆ ಕದಲಲಿಲ್ಲ.

“ನಾಡಿ ಇದೆ ಸರ್, ಒಪ್ತೀನಿ. ಆದ್ರೆ ಒಳಗೆ ಮನುಷ್ಯ ಇಲ್ಲ,” ಎಂದಳು ಅವಳು. “ಆಚೆ ಹನ್ನೆರಡು ಜನ ಜ್ವರದಲ್ಲಿ ಬಿದ್ದಿದ್ದಾರೆ. ನಾವಿಲ್ಲಿ ಗಾಳಿ ಹಾಕ್ತಾ ಕೂತಿದ್ದೀವಿ.”

“ಈ ವಿಷ ಕಣ್ಣು, ನಾಲಿಗೆ ಎಲ್ಲಾನೂ ಕಟ್ಟಿಹಾಕುತ್ತೆ ಕಣಮ್ಮ. ಒಳಗಿರೋನನ್ನಲ್ಲ. ಅಂಥ ಮಾತು ಅವನೆದುರಿಗೆ ಆಡ್ಬೇಡ.” ಅವರು ಜ್ವರದವರ ಡೇರೆಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಅವಳ ಬೆರಳುಗಳು ಮರಗಟ್ಟಿದ್ದವು. ಪಕ್ಕದ ಡೇರೆಯಲ್ಲಿ ಮಗುವೊಂದು ಒಂದೇ ಸಮನೆ ಅಳುತ್ತಿತ್ತು. ಐದು ಎಂದು ಒತ್ತಿದವಳು ಮತ್ತೆ ಒಂದು ಎನ್ನಲಿಲ್ಲ. ಕೈ ಸೋತಿತೋ ಮನಸ್ಸು ಸೋತಿತೋ, ಸುಮ್ಮನೆ ಕೂತಳು. ಅವಳಿಗೆ ಆಗ ದುಃಖವಾಗಲಿಲ್ಲ, ಹಗುರವೆನಿಸಿತು. ಆಮೇಲೆ ಹೊರಗೆ ಜಲ್ಲಿಯ ಮೇಲೆ ಹೆಜ್ಜೆ ಸದ್ದಾಯಿತು. ಬೆಚ್ಚಿದ ಕೈ ತಾನಾಗಿ ಚೀಲ ಒತ್ತಿತು. ಕಿವಿಯಣ್ಣನ ಹೆಂಡತಿ ಕುಡಿಯುವ ನೀರು ಹಿಡಿದು ಒಳಗೆ ಬಂದಳು.

“ಹೇಗಿದ್ದಾರೆ?”

“ಹಾಗೇ ಇದ್ದಾರೆ. ಒಂದು, ಎರಡು...”

“ಕೈಯೆಲ್ಲ ಬಾತುಹೋಗಿದೆಯಲ್ಲ ತಾಯಿ. ನಿಮ್ಮ ಋಣ ಯಾವ ಜನ್ಮಕ್ಕೆ ತೀರಿಸ್ಲಿ?” ಎಂದು ಅವಳು ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ಅವನ ಹೆಬ್ಬೆರಳು ಅಲುಗಿತು. ಸಂಜೆಗೆ ಉಸಿರು ಅವನದೇ ಆಯಿತು. ತಿಂಗಳು ಕಳೆಯುವಷ್ಟರಲ್ಲಿ ಔಷಧದ ಪೆಟ್ಟಿಗೆ ಹೆಗಲಿಗೇರಿಸಿ, ಕಿರಿಯ ವೈದ್ಯೆಯನ್ನು ಹೊಳೆಯ ಆಚೆ ದಡದಲ್ಲಿ ಕಾಡುಜನರಿದ್ದ ಹಾಡಿಗೆ ಕರೆದುಕೊಂಡು ಹೊರಟ. ಕಾಲುದಾರಿಯಲ್ಲಿ ಅವನು ಮುಂದೆ, ಅವಳು ಹಿಂದೆ.

“ನಂಗೆ ಎಲ್ಲಾ ಕೇಳಿಸ್ತಿತ್ತು ಡಾಕ್ಟ್ರೇ,” ಎಂದ ಅವನು, ತಿರುಗದೆ. “ನೀವು ಎಣಿಸೋದು ನಿಲ್ಲಿಸಿದ್ರಲ್ಲ, ಆಮೇಲೆ ನಾನೇ ಎಣಿಸ್ದೆ. ನಲವತ್ತೊಂದಕ್ಕೆ ನನ್ನ ಹೆಂಡ್ತಿ ಹೆಜ್ಜೆ ಸದ್ದು ಬಂತು.”

ಅವಳು ಏನೋ ಹೇಳಹೊರಟಳು. ಅವನು ಮಾತು ತಡೆದ.

“ಅವಳಿಗೆ ಹೇಳಿಲ್ಲ. ನೀವೂ ಹೇಳ್ಬೇಡಿ. ನಿಮ್ಮ ಕೈನ ದೇವರ ಕೈ ಅಂದ್ಕೊಂಡಿದ್ದಾಳೆ, ಹಾಗೇ ಇರ್ಲಿ.”

ಅವಳ ಕಾಲು ಮುಂದೆ ಬರಲಿಲ್ಲ. ಹಿಂದಿನ ಹೆಜ್ಜೆ ಸದ್ದು ನಿಂತದ್ದು ಅವನಿಗೆ ತಿಳಿಯಿತು. ಅವನೂ ನಿಂತ. ಆಗಲೂ ತಿರುಗಿ ನೋಡಲಿಲ್ಲ.

“ಒಂದು,” ಎಂದ ಮೆಲ್ಲಗೆ. “ಎರಡು. ಮೂರು. ನಾಲ್ಕು.”

ಐದಕ್ಕೆ ಅವಳು ಹೆಜ್ಜೆ ಎತ್ತಿಟ್ಟಳು.