ನಲ್ಲಿಗೆ ಬಿದ್ದ ಬಿರಡೆ

ನಲ್ಲಿ ತಿರುವಿ ಬಿಟ್ಟವಳು ನಾನೇ ಎಂದು ಅವತ್ತು ನಾನು ಹೇಳಲಿಲ್ಲ. ಒಣಮಣ್ಣಿಗೆ ನೀರು ಬಿದ್ದ ವಾಸನೆ ಬಂದರೆ ಈಗಲೂ ಎದ್ದು ಹೋಗಿ ನಲ್ಲಿ ಮುಚ್ಚಿದೆಯೇ ಎಂದು ನೋಡುತ್ತೇನೆ.

ನಾನು ಚಿಕ್ಕವಳಿದ್ದಾಗ, ತೆಲುಗು ಗಡಿಯೂರು ಕುಂದುರ್ಪಿಯ ನಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರು. ಅವತ್ತು ಬಂತೇನೋ ಎಂದು ಬೆಳಿಗ್ಗೆ ನಲ್ಲಿ ತಿರುವಿದೆ, ಹನಿಯೂ ಬೀಳಲಿಲ್ಲ. ಮುಚ್ಚುವುದನ್ನು ಮರೆತು ಆಡಲು ಹೋದೆ. ಮಧ್ಯಾಹ್ನ ಬಂದು ನೋಡಿದರೆ ನೀರು ಬೀದಿಯುದ್ದಕ್ಕೂ ಹರಿದಿತ್ತು. ಅಕ್ಕ ಹಿತ್ತಲಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು, ಅವಳಿಗೆ ಗೊತ್ತೇ ಇರಲಿಲ್ಲ.

ನೀರು ಪೋಲು ಮಾಡಿದ ಮನೆಯ ನಲ್ಲಿಗೆ ಎಂಟು ದಿನ ಬಿರಡೆ ಹೊಡೆಯುವುದು ಊರಿನ ಕಟ್ಟಳೆ. ನೀರು ಬಿಡುವ ನೀರಗಂಟಿ ಒದ್ದೆ ಮಣ್ಣಿನ ಜಾಡು ಹಿಡಿದು, ಒಂದೊಂದೇ ಬಾಗಿಲು ನೋಡುತ್ತಾ ನಮ್ಮ ಮನೆಗೇ ಬಂದ. ನಾನು ರಾಗಿ ಮೂಟೆಯ ಹಿಂದೆ ಅವಿತುಕೊಂಡೆ.

“ಎವುರಮ್ಮಾ, ಯಾರಮ್ಮಾ ಇದು? ಬೀದಿಗೆ ಕಾಲ್ವೆ ತಂದ್ಬುಟ್ರಾ?”

ಅಕ್ಕ ಮೂಟೆಯ ಕಡೆ ನೋಡಿದಳು. ನನ್ನ ಕಾಲು ಅವಳಿಗೆ ಕಾಣುತ್ತಿತ್ತು.

“ನಾನೇ ಕಣಣ್ಣ, ಮರ್ತ್‌ಬುಟ್ಟೆ.”

ಸಂಜೆ ಅಮ್ಮ ನನ್ನೆದುರೇ ಅವಳಿಗೆ ಬಾರಿಸಿದಳು. “ಬೋರಿಂಗಿಂದ ನೀನೇ ಹೊರು, ಬುದ್ಧಿ ಬರ್ಲಿ!”

ಎಂಟು ದಿನ ಅಕ್ಕ ಕೊಡ ಹೊತ್ತಳು. ನಾನು ಚೀಲ ತಗುಲಿಸಿಕೊಂಡು ಸ್ಕೂಲಿಗೆ ಹೋದೆ.

ಹೋದ ತಿಂಗಳು ಹಿಂದೂಪುರದ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿಬಿಟ್ಟೆ.

“ಅಕ್ಕಾ, ಅವತ್ತು ನಿನ್ನ ಹೊಡೀತಿದ್ರೂ ನಾನು ಸುಮ್ಕೆ ನಿಂತಿದ್ದೆ. ತಪ್ಪಾಯ್ತು ಕಣಕ್ಕಾ.”